ತೋಟದ ಗೊಬ್ಬರಗಳು: ಸಾವಯವ ಮತ್ತು ವಾಣಿಜ್ಯ

ಹೂದೋಟ, ಕೈತೋಟ, ಹಣ್ಣಿನ ತೋಟ ಹಾಗೂ ಕುಂಡಗಳಲ್ಲಿ ಬೆಳೆಸುವ ಸಸ್ಯಗಳಿಗೆ ಮಣ್ಣು ತಾನಾಗಿ ಒದಗಿಸಲಾರದ ಪೋಷಕಾಂಶಗಳನ್ನು ಹೊರಗಿನಿಂದ ತಂದು ಪೂರೈಸುವ ದ್ರವ್ಯಗಳಿಗೆ ಗೊಬ್ಬರವೆಂದು ಹೆಸರು. ಪ್ರಾಣಿಮೂಲ ಮತ್ತು ಸಸ್ಯಮೂಲಗಳಿಂದ ದೊರೆತು, ಮಣ್ಣಿನ ಜೀವಾಣುಗಳ ಕ್ರಿಯೆಯಿಂದ ಕ್ರಮೇಣ ಶಿಥಿಲಗೊಂಡು ಫಲಕೊಡುವಂಥವು ಸಾವಯವ ಗೊಬ್ಬರಗಳು. ಖನಿಜಗಳಿಂದಲೋ ವಾಯುಮಂಡಲದ ಸಾರಜನಕದಿಂದಲೋ ಕಾರ್ಖಾನೆಗಳಲ್ಲಿ ತಯಾರಾಗಿ, ಇಂತಿಷ್ಟೆಂದು ನಿಶ್ಚಿತವಾದ ಸತ್ತ್ವಪ್ರಮಾಣದೊಡನೆ ಚೀಲಗಳಲ್ಲಿ ಮಾರಾಟಕ್ಕೆ ಬರುವಂಥವು ವಾಣಿಜ್ಯ ಗೊಬ್ಬರಗಳು. ಇವನ್ನು ಕನ್ನಡನಾಡಿನ ರೈತರು ಸರ್ಕಾರಿ ಗೊಬ್ಬರವೆಂದೂ ಕರೆಯುವ ವಾಡಿಕೆಯುಂಟು. ಕಾಡಿನಲ್ಲಿ ಉದುರಿದ ತರಗು ಬಿದ್ದಲ್ಲಿಯೇ ಕೊಳೆತು ಮರಳಿ ಬೇರಿಗೆ ಸೇರುತ್ತದೆ; ತೋಟದಲ್ಲಾದರೋ ಹೂವನ್ನು ಕೊಯ್ದು, ಕಾಯನ್ನು ಕಿತ್ತು, ಕಸವನ್ನು ಗುಡಿಸಿ ಹೊರಕ್ಕೆ ಹಾಕುವುದರಿಂದ ಮಣ್ಣಿನ ಸತ್ತ್ವ ವರ್ಷವರ್ಷವೂ ಕ್ಷೀಣಿಸುತ್ತ ಹೋಗುತ್ತದೆ. ಈ ನಷ್ಟವನ್ನು ತುಂಬಿಕೊಡುವುದು ತೋಟಗಾರನ ಪ್ರಥಮ ಕರ್ತವ್ಯ. ಈ ಕರ್ತವ್ಯದಲ್ಲಿ ಎರಡು ಬಗೆಯ ಗೊಬ್ಬರಗಳಿಗೂ ಬೇರೆಬೇರೆಯಾದ ಸ್ಥಾನವಿದೆ: ಸಾವಯವ ಗೊಬ್ಬರ ಮುಖ್ಯವಾಗಿ ಮಣ್ಣನ್ನು ಪೋಷಿಸುತ್ತದೆ, ವಾಣಿಜ್ಯ ಗೊಬ್ಬರ ನೇರವಾಗಿ ಗಿಡವನ್ನು ಪೋಷಿಸುತ್ತದೆ. ಒಂದರ ಕೆಲಸವನ್ನು ಮತ್ತೊಂದರಿಂದ ಮಾಡಿಸಹೊರಟಾಗಲೇ ತೋಟಕ್ಕೆ ಹಾನಿಯೊದಗುವುದು.

ಇತಿಹಾಸ: ಭಾರತದಲ್ಲಿ ಗೊಬ್ಬರದ ಶಾಸ್ತ್ರೀಯ ಚಿಂತನೆ ಬಹು ಪ್ರಾಚೀನವಾದುದು. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ವೃಕ್ಷಾಯುರ್ವೇದಕ್ಕೆಂದೇ ಒಂದು ಅಧ್ಯಾಯವಿದೆ. ಸುರಪಾಲನ ವೃಕ್ಷಾಯುರ್ವೇದವು ಮಾಂಸ, ಮೇದಸ್ಸು, ಮಜ್ಜೆ ಮೊದಲಾದವನ್ನು ನೀರಿನಲ್ಲಿ ಬೇಯಿಸಿ ಹುದುಗಿಸಿ ತಯಾರಿಸುವ ಕುಣಪಜಲವೆಂಬ ದ್ರವಗೊಬ್ಬರವನ್ನು ವಿವರಿಸುತ್ತದೆ. ಕನ್ನಡದಲ್ಲಿಯೇ 1025ರ ಸುಮಾರಿಗೆ ಎರಡನೆಯ ಚಾವುಂಡರಾಯನು ರಚಿಸಿದ ಲೋಕೋಪಕಾರವೆಂಬ ಗ್ರಂಥದಲ್ಲಿ ವೃಕ್ಷಾಯುರ್ವೇದದ ಪ್ರಕರಣವೊಂದು ಸೇರಿರುವುದು, ಸಸ್ಯಪೋಷಣೆಯ ಜ್ಞಾನ ಆ ಕಾಲಕ್ಕಾಗಲೇ ದೇಶಭಾಷೆಯ ಓದುಗರವರೆಗೆ ಬಂದಿತ್ತೆಂಬುದಕ್ಕೆ ಸಾಕ್ಷಿಯಾಗಿದೆ. ಉತ್ತರ ಕನ್ನಡ ಮತ್ತು ಮಲೆನಾಡಿನ ಅಡಕೆ ತೋಟಗಳಿಗೆ ಸೊಪ್ಪು, ದರಕುಗಳನ್ನು ಒದಗಿಸಲೆಂದೇ ಸೊಪ್ಪಿನ ಬೆಟ್ಟಗಳನ್ನು ಕಾಯ್ದಿರಿಸಿಕೊಂಡು ಬಂದ ಪದ್ಧತಿಯೂ, ಬಯಲುಸೀಮೆಯಲ್ಲಿ ಬೇಸಿಗೆಯ ಕೆರೆಗೋಡನ್ನು ಹೊಲತೋಟಗಳಿಗೆ ಸಾಗಿಸುವ ಮತ್ತು ಕುರಿಮಂದೆಯನ್ನು ರಾತ್ರಿ ಹೊಲದಲ್ಲಿ ನಿಲ್ಲಿಸುವ ರೂಢಿಯೂ ಇದೇ ಅನುಭವದ ಫಲಗಳು.

ಯೂರೋಪಿನಲ್ಲಿ ಸಸ್ಯದ ಆಹಾರವೇ ಕೊಳೆತ ಜೈವಿಕ ದ್ರವ್ಯವೆಂಬ ನಂಬಿಕೆ ಬಹುಕಾಲ ಪ್ರಬಲವಾಗಿತ್ತು. ಕಾರ್ಲ್ ಸ್ಪ್ರೆಂಗೆಲ್ ಅದನ್ನು ಪ್ರಶ್ನಿಸಿದನು. ಯೂಸ್ಟಸ್ ಫಾನ್ ಲೀಬಿಗ್ 1840ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಸಸ್ಯಗಳು ಮಣ್ಣಿನಿಂದ ಹೀರುವುದು ಖನಿಜ ಲವಣಗಳನ್ನೆಂದು ಪ್ರತಿಪಾದಿಸಿ, ಅತಿ ಕಡಿಮೆಯಿರುವ ಪೋಷಕವೇ ಬೆಳೆಯ ಮಿತಿಯನ್ನು ನಿರ್ಧರಿಸುತ್ತದೆಂಬ ನಿಯಮವನ್ನು ಪ್ರಚಾರಕ್ಕೆ ತಂದನು. ಇಂಗ್ಲೆಂಡಿನ ಜಾನ್ ಬೆನೆಟ್ ಲಾಸ್ 1842ರಲ್ಲಿ ಸೂಪರ್‌ಫಾಸ್ಫೇಟ್ ತಯಾರಿಕೆಗೆ ಹಕ್ಕುಪತ್ರ ಪಡೆದು, ಮರುವರ್ಷವೇ ರಾಥಮ್‌ಸ್ಟೆಡ್‌ನಲ್ಲಿ ರಸಾಯನಶಾಸ್ತ್ರಜ್ಞ ಗಿಲ್ಬರ್ಟನೊಡನೆ ಆರಂಭಿಸಿದ ಗೊಬ್ಬರದ ಪ್ರಯೋಗಗಳು ಇಂದಿಗೂ ನಡೆದುಕೊಂಡು ಬಂದಿವೆ. ಪೆರುವಿನ ಗ್ವಾನೋ, ಚಿಲಿಯ ನೈಟ್ರೇಟುಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಸಾರಜನಕದ ಪ್ರಧಾನ ಮೂಲಗಳಾಗಿದ್ದವು. ಫ್ರಿಟ್ಸ್ ಹಾಬರ್ 1909ರಲ್ಲಿ ವಾಯುವಿನ ಸಾರಜನಕದಿಂದ ಅಮೋನಿಯವನ್ನು ಸಂಶ್ಲೇಷಿಸಿ, ಕಾರ್ಲ್ ಬಾಷ್ 1913ರಲ್ಲಿ ಅದನ್ನು ಕಾರ್ಖಾನೆಯ ಮಟ್ಟಕ್ಕೆ ಏರಿಸಿದ ಮೇಲೆ ಆ ಅವಲಂಬನೆ ತಪ್ಪಿತು. ಭಾರತದಲ್ಲಿ 1906ರಲ್ಲಿ ರಾಣಿಪೇಟೆಯಲ್ಲಿ ಸೂಪರ್‌ಫಾಸ್ಫೇಟ್ ತಯಾರಿಕೆ ಮೊದಲಾಯಿತು. 1930ರ ದಶಕದ ಕೊನೆಯ ವೇಳೆಗೆ ಮೈಸೂರು ಸಂಸ್ಥಾನದ ಬೆಳಗೊಳದಲ್ಲಿ ಅಮೋನಿಯಂ ಸಲ್ಫೇಟಿನ ಕಾರ್ಖಾನೆ ತಲೆಯೆತ್ತಿತು. 1951ರಲ್ಲಿ ಸಿಂದ್ರಿಯ ಬೃಹತ್ ಕಾರ್ಖಾನೆಯೂ, 1970ರ ದಶಕದಲ್ಲಿ ಮಂಗಳೂರಿನ ಪಣಂಬೂರಿನ ಕಾರ್ಖಾನೆಯೂ ಉತ್ಪಾದನೆಗೆ ತೊಡಗಿದವು. ಇದೇ ಇಪ್ಪತ್ತನೆಯ ಶತಮಾನದಲ್ಲಿ ಸಾವಯವ ಗೊಬ್ಬರದ ವೈಜ್ಞಾನಿಕ ಅಧ್ಯಯನವೂ ಭಾರತದ ನೆಲದಲ್ಲಿಯೇ ಪಕ್ವವಾಯಿತೆಂಬುದು ಗಮನಾರ್ಹ: ಆಲ್ಬರ್ಟ್ ಹೊವರ್ಡ್ ಇಂದೂರಿನಲ್ಲಿ ರೂಪಿಸಿದ ಕಾಂಪೋಸ್ಟ್ ವಿಧಾನ, ಬೆಂಗಳೂರಿನಲ್ಲಿ ಸಿ. ಎನ್. ಆಚಾರ್ಯರು 1939ರಲ್ಲಿ ರೂಪಿಸಿದ ವಿಧಾನ, ಇವೆರಡೂ ಆಯಾ ಊರುಗಳ ಹೆಸರಿನಿಂದಲೇ ಜಗತ್ತಿನಲ್ಲಿ ಪ್ರಸಿದ್ಧವಾಗಿವೆ.

ಸಸ್ಯದ ಆಹಾರ: ಸಸ್ಯಗಳಿಗೆ ಅತ್ಯಗತ್ಯವೆಂದು ಅಂಗೀಕೃತವಾಗಿರುವ ಧಾತುಗಳು 17. ಇವುಗಳಲ್ಲಿ ಇಂಗಾಲ, ಜಲಜನಕ, ಆಮ್ಲಜನಕಗಳು ಗಾಳಿ ಮತ್ತು ನೀರಿನಿಂದ ದೊರೆಯುತ್ತವೆ. ಒಣಗಿದ ಸಸ್ಯದ ತೂಕದ ಬಹುಪಾಲು ಈ ಮೂರರಿಂದಲೇ ಆದದ್ದು. ಉಳಿದ ಹದಿನಾಲ್ಕನ್ನು ಬೇರು ಮಣ್ಣಿನಿಂದ ಹೀರಬೇಕು. ಸಾರಜನಕ, ರಂಜಕ, ಪೊಟ್ಯಾಸಿಯಂಗಳು ಪ್ರಧಾನ ಪೋಷಕಗಳು. ಕ್ಯಾಲ್ಸಿಯಂ, ಮೆಗ್ನೀಸಿಯಂ, ಗಂಧಕಗಳು ದ್ವಿತೀಯ ಪೋಷಕಗಳು. ಕಬ್ಬಿಣ, ಮ್ಯಾಂಗನೀಸ್, ಸತು, ತಾಮ್ರ, ಬೋರಾನ್, ಮಾಲಿಬ್ಡಿನಂ, ಕ್ಲೋರಿನ್, ನಿಕಲ್‌ಗಳು ಲೇಶಮಾತ್ರದಲ್ಲಿ ಸಾಕಾಗುವ ಲಘುಪೋಷಕಗಳು. ಸಾರಜನಕವು ಎಲೆ ಮತ್ತು ಚಿಗುರಿನ ಬೆಳವಣಿಗೆಗೂ, ರಂಜಕವು ಬೇರು, ಹೂ ಮತ್ತು ಬೀಜಗಳ ರಚನೆಗೂ, ಪೊಟ್ಯಾಸಿಯಂ ಜೀವಕೋಶಗಳ ನೀರಿನ ಸಮತೋಲಕ್ಕೂ ಶರ್ಕರದ ಸಾಗಣೆಗೂ ರೋಗನಿರೋಧಕ್ಕೂ ಆಧಾರಭೂತವಾಗಿವೆ.

ಬೇರು ಸಾರಜನಕವನ್ನು ಬಹುಮಟ್ಟಿಗೆ ನೈಟ್ರೇಟ್ ಅಥವಾ ಅಮೋನಿಯಂ ರೂಪದಲ್ಲಿ ಹೀರುತ್ತದೆ. ಸಗಣಿಯಿಂದ ಬಂದ ನೈಟ್ರೇಟಿಗೂ ಯೂರಿಯದಿಂದ ಬಂದ ನೈಟ್ರೇಟಿಗೂ ಗಿಡದ ಮಟ್ಟಿಗೆ ಯಾವ ಭೇದವೂ ಇಲ್ಲ. ಭೇದವಿರುವುದು, ಆ ನೈಟ್ರೇಟು ಎಷ್ಟು ವೇಗದಿಂದ ಬೇರನ್ನು ತಲಪಿತೆಂಬುದರಲ್ಲಿ ಮತ್ತು ಅದರೊಡನೆ ಬಂದ ಇತರ ದ್ರವ್ಯ ಮಣ್ಣಿನಲ್ಲಿ ಏನನ್ನು ಉಳಿಸಿಹೋಯಿತೆಂಬುದರಲ್ಲಿ.

ಮಣ್ಣಿನ ಪಾತ್ರ: ಜೇಡಿಯ ಕಣಗಳೂ ಸಾವಯವ ದ್ರವ್ಯ ಕೊಳೆತು ಆಗುವ ಹ್ಯೂಮಸ್ಸೂ ತಮ್ಮ ಮೇಲ್ಮೈಯ ಋಣವಿದ್ಯುದಂಶದಿಂದ ಅಮೋನಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂಗಳನ್ನು ಹಿಡಿದಿಟ್ಟುಕೊಂಡು ಬೇರಿಗೆ ಬೇಕಾದಾಗ ಬಿಟ್ಟುಕೊಡುತ್ತವೆ. ಹ್ಯೂಮಸ್ಸು ಕಡಿಮೆಯಾದ ಮಣ್ಣಿಗೆ ಹಾಕಿದ ಗೊಬ್ಬರ ತೂತುಗಡಿಗೆಗೆ ಹೊಯ್ದ ನೀರಿನಂತೆ ಜಾರಿಹೋಗುತ್ತದೆ. ಬೆಂಗಳೂರು, ಕೋಲಾರ, ತುಮಕೂರು ಮೊದಲಾದ ಕಡೆಗಳ ಕೆಂಪುಮಣ್ಣಿನಲ್ಲಿ ನೀರು ಸುಲಭವಾಗಿ ಬಸಿಯುವುದು ಗುಣ, ಸಾವಯವಾಂಶ ವಿರಳವಾಗಿರುವುದು ದೋಷ. ಕರಾವಳಿಯ ಜಂಬಿಟ್ಟಿಗೆ ಮಣ್ಣು ಭಾರಿ ಮಳೆಯಲ್ಲಿ ಸುಣ್ಣ ಮತ್ತು ಪೊಟ್ಯಾಷನ್ನು ಕಳೆದುಕೊಂಡು ಆಮ್ಲೀಯವಾಗಿರುತ್ತದೆ. ಅದರ ಕಬ್ಬಿಣ ಮತ್ತು ಅಲ್ಯೂಮಿನಿಯಂಗಳು ರಂಜಕವನ್ನು ಬಂಧಿಸಿ ಬೇರಿಗೆ ಎಟುಕದಂತೆ ಮಾಡುತ್ತವೆ. ಉತ್ತರ ಕರ್ನಾಟಕದ ಎರೆಮಣ್ಣು ಪೋಷಕಗಳನ್ನು ಹಿಡಿದಿಡುವ ಶಕ್ತಿಯುಳ್ಳದ್ದಾದರೂ ಕ್ಷಾರೀಯವಾದ್ದರಿಂದ ಅಲ್ಲಿ ಕಬ್ಬಿಣ, ಸತುಗಳು ಗಿಡಕ್ಕೆ ದುರ್ಲಭವಾಗುತ್ತವೆ. ರಸಸಾರ (pH) 6ರಿಂದ 7ರ ನಡುವೆ ಇರುವ ಮಣ್ಣಿನಲ್ಲಿ ಬಹುಪಾಲು ಪೋಷಕಗಳು ಸುಲಭಲಭ್ಯ. ಹೈಡ್ರೇಂಜಿಯದ ಕೆಲವು ಬಗೆಗಳು ಆಮ್ಲೀಯ ಮಣ್ಣಿನಲ್ಲಿ ಅಲ್ಯೂಮಿನಿಯಂ ಹೀರಿ ನೀಲಿ ಹೂಗಳನ್ನೂ, ಸುಣ್ಣ ಸೇರಿದ ಮಣ್ಣಿನಲ್ಲಿ ಗುಲಾಬಿ ಬಣ್ಣದ ಹೂಗಳನ್ನೂ ಬಿಡುವುದು ರಸಸಾರದ ಪ್ರಭಾವವನ್ನು ಕಣ್ಣಿಗೆ ಕಾಣಿಸುವ ನಿದರ್ಶನವಾಗಿದೆ. ಆದ್ದರಿಂದ ಗೊಬ್ಬರವನ್ನು ಕೊಳ್ಳುವುದಕ್ಕೆ ಮುನ್ನ ಮಣ್ಣನ್ನು ಪರೀಕ್ಷೆ ಮಾಡಿಸತಕ್ಕದ್ದು.

ಸಾವಯವ ಗೊಬ್ಬರಗಳು: ಇವುಗಳಲ್ಲಿ ಸರ್ವಸಾಮಾನ್ಯವಾದುದು ಕೊಟ್ಟಿಗೆ ಗೊಬ್ಬರ. ಸಗಣಿ, ಗಂಜಲ, ಮೇವಿನ ಉಳಿಕೆಗಳು ತಿಪ್ಪೆಯಲ್ಲಿ ಕಳಿತು ಆಗುವ ಈ ಗೊಬ್ಬರದಲ್ಲಿ ಸಾರಜನಕ ಶೇ. 0.5, ರಂಜಕಾಮ್ಲ (P₂O₅) ಶೇ. 0.2, ಪೊಟ್ಯಾಷ್ (K₂O) ಶೇ. 0.5ರ ಆಸುಪಾಸಿನಲ್ಲಿರುತ್ತದೆ. ಮೊದಲ ಹಂಗಾಮಿನಲ್ಲಿ ಇದರ ಸಾರಜನಕದ ಸುಮಾರು ಮೂರನೆಯ ಒಂದು ಭಾಗವಷ್ಟೇ ಗಿಡಕ್ಕೆ ದಕ್ಕುತ್ತದೆ. ಉಳಿದುದು ಮುಂದಿನ ಋತುಗಳ ಪಾಲು. ಗಂಜಲದಲ್ಲಿ ಸಾರಜನಕವೂ ಪೊಟ್ಯಾಷೂ ಹೇರಳವಾಗಿರುವುದರಿಂದ ಅದನ್ನು ಚರಂಡಿಗೆ ಹರಿಯಬಿಡದೆ ಹುಲ್ಲು ಅಥವಾ ಮಣ್ಣಿನಲ್ಲಿ ಇಂಗಿಸಿ ತಿಪ್ಪೆಗೆ ಸೇರಿಸಬೇಕು. ತಿಪ್ಪೆಯನ್ನು ಬಿಸಿಲು ಮಳೆಗಳಿಗೆ ಒಡ್ಡದೆ ನೆರಳಿನಲ್ಲಿಡಬೇಕು. ಚೆನ್ನಾಗಿ ಕಳಿಯದ ಗೊಬ್ಬರದ ಬಿಸಿ ಎಳೆಯ ಬೇರುಗಳನ್ನು ಸುಡುವುದಲ್ಲದೆ, ಅದರೊಡನೆ ಗೊಬ್ಬರದ ಹುಳುವೂ ಕಳೆಬೀಜವೂ ತೋಟಕ್ಕೆ ಬರುತ್ತವೆ. ಕುರಿ ಮತ್ತು ಮೇಕೆಗಳ ಹಿಕ್ಕೆಯೂ ಕೋಳಿ ಗೊಬ್ಬರವೂ ಸಗಣಿಗಿಂತ ಸತ್ತ್ವಯುತವಾದವು. ಕೋಳಿ ಗೊಬ್ಬರವನ್ನು ಹಸಿಯಾಗಿ ಎಂದಿಗೂ ಬಳಸಬಾರದು.

ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿಗಳು ಸಾಂದ್ರ ಸಾವಯವ ಗೊಬ್ಬರಗಳೆನಿಸಿವೆ. ಕಡಲೆಕಾಯಿ ಹಿಂಡಿಯಲ್ಲಿ ಶೇ. 7ರಷ್ಟು, ಬೇವಿನ ಹಿಂಡಿಯಲ್ಲಿ ಶೇ. 5ರಷ್ಟು, ಹರಳು ಮತ್ತು ಹೊಂಗೆ ಹಿಂಡಿಗಳಲ್ಲಿ ಶೇ. 4ರಷ್ಟು ಸಾರಜನಕವಿರುತ್ತದೆ. ಬೇವಿನ ಹಿಂಡಿ ಬೇರಿನ ಜಂತುಹುಳುಗಳನ್ನು ಹತ್ತಿಕ್ಕುವುದಲ್ಲದೆ ಸಾರಜನಕದ ಪರಿವರ್ತನೆಯನ್ನು ನಿಧಾನಗೊಳಿಸಿ ನಷ್ಟವನ್ನು ತಡೆಯುತ್ತದೆ. ಉಡುಪಿ ಜಿಲ್ಲೆಯ ಶಂಕರಪುರದ ಆಸುಪಾಸಿನ ಮಲ್ಲಿಗೆಯ ಬೆಳೆಗಾರರು ಸಗಣಿಯೊಡನೆ ಕಡಲೆ ಹಿಂಡಿಯನ್ನು ನೆನೆಹಾಕಿ ಆ ರಸವನ್ನು ಗಿಡದ ಬುಡಕ್ಕೆ ಹೊಯ್ಯುವುದು ಪ್ರಸಿದ್ಧವಾದ ಕ್ರಮ. ಬೇಯಿಸಿ ಪುಡಿಮಾಡಿದ ಮೂಳೆಗೊಬ್ಬರದಲ್ಲಿ ಶೇ. 25ರಷ್ಟು ಅಥವಾ ಅದಕ್ಕೂ ಮಿಕ್ಕಿ ರಂಜಕಾಮ್ಲವಿದ್ದು, ಆಮ್ಲೀಯ ಮಣ್ಣಿನಲ್ಲಿ ಅದು ಮೆಲ್ಲನೆ ಕರಗಿ ವರ್ಷಗಟ್ಟಲೆ ಫಲಕೊಡುತ್ತದೆ. ಒಲೆಯ ಬೂದಿ ಪೊಟ್ಯಾಷಿನ ಮೂಲ. ಅದು ಕ್ಷಾರವಾದ್ದರಿಂದ ಹಸಿ ಸಗಣಿಯೊಡನೆಯೋ ಅಮೋನಿಯಂ ಗೊಬ್ಬರದೊಡನೆಯೋ ಬೆರಸಿದರೆ ಸಾರಜನಕ ಅಮೋನಿಯವಾಗಿ ಹಾರಿಹೋಗುತ್ತದೆ.

ಹೊಂಗೆಯ ಸೊಪ್ಪು, ಗ್ಲಿರಿಸಿಡಿಯ ಮೊದಲಾದವನ್ನು ತಂದು ಹಾಕುವುದು ಹಸಿರೆಲೆ ಗೊಬ್ಬರ; ಅಪ್ಸೆಣಬು, ಡಯಂಚ, ಅಲಸಂದೆಗಳನ್ನು ಅಲ್ಲಿಯೇ ಬಿತ್ತಿ ಹೂಬಿಡುವ ವೇಳೆಗೆ ಮಣ್ಣಿಗೆ ಮಗುಚುವುದು ಹಸಿರು ಗೊಬ್ಬರ. ದ್ವಿದಳ ಸಸ್ಯಗಳ ಬೇರುಗಂಟುಗಳಲ್ಲಿ ನೆಲೆಸಿದ ರೈಜೋಬಿಯಂ ಜೀವಾಣುಗಳು ವಾಯುವಿನ ಸಾರಜನಕವನ್ನು ಸ್ಥಿರೀಕರಿಸುತ್ತವೆಂಬ ರಹಸ್ಯವನ್ನು 1886ರಲ್ಲಿ ಜರ್ಮನಿಯ ವಿಜ್ಞಾನಿ ಹೆಲ್‌ರೀಗಲ್ ಬೆಳಕಿಗೆ ತಂದನು. ಅಜೋಟೊಬ್ಯಾಕ್ಟರ್, ಅಜೋಸ್ಪಿರಿಲಂ, ರಂಜಕವನ್ನು ಕರಗಿಸುವ ಜೀವಾಣುಗಳು, ಬೇರಿನೊಡನೆ ಸಹಜೀವನ ನಡೆಸಿ ರಂಜಕವನ್ನು ಎಟುಕಿಸಿಕೊಡುವ ಶಿಲೀಂಧ್ರಗಳು, ಇವೆಲ್ಲ ಇಂದು ಜೈವಿಕ ಗೊಬ್ಬರಗಳೆಂಬ ಹೆಸರಿನಲ್ಲಿ ದೊರೆಯುತ್ತವೆ. ಇವು ಸ್ವತಃ ಆಹಾರವಲ್ಲ, ಆಹಾರವನ್ನು ದೊರಕಿಸುವ ಪರಿಚಾರಕಗಳು. ಸಾವಯವಾಂಶವಿಲ್ಲದ ಬರಡು ಮಣ್ಣಿನಲ್ಲಿ ಇವು ಬಾಳಲಾರವು. ಸಗಣಿ, ಗಂಜಲ, ಬೆಲ್ಲ, ದ್ವಿದಳ ಧಾನ್ಯದ ಹಿಟ್ಟುಗಳನ್ನು ನೀರಿನಲ್ಲಿ ಹುದುಗಿಸಿ ಮಾಡುವ ಜೀವಾಮೃತವನ್ನೂ ಪೋಷಕಗಳ ಮೊತ್ತದಿಂದಲ್ಲ, ಜೀವಾಣುಗಳನ್ನು ವರ್ಧಿಸುವ ಉದ್ದೇಶದಿಂದಲೇ ಅಳೆಯಬೇಕು.

ಕಾಂಪೋಸ್ಟ್: ತೋಟದ ಕಸ, ಎಲೆ, ಅಡಿಗೆಮನೆಯ ಸಿಪ್ಪೆ ಮೊದಲಾದವನ್ನು ಕ್ರಮಬದ್ಧವಾಗಿ ಕೊಳೆಯಿಸಿ ಮಾಡುವ ಗೊಬ್ಬರ ಕಾಂಪೋಸ್ಟ್. ಇದರ ಯಶಸ್ಸು ಇಂಗಾಲ ಮತ್ತು ಸಾರಜನಕಗಳ ಅನುಪಾತದಲ್ಲಿ ಅಡಗಿದೆ. ಆರಂಭದಲ್ಲಿ ಅದು ಸುಮಾರು 30:1 ಇರುವುದು ಶ್ರೇಯಸ್ಕರ. ಒಣಹುಲ್ಲು, ಮರದ ಹೊಟ್ಟುಗಳಲ್ಲಿ ಇಂಗಾಲ ಅತ್ಯಧಿಕವಾದ್ದರಿಂದ ಅವನ್ನು ನೇರವಾಗಿ ಮಣ್ಣಿಗೆ ಬೆರಸಿದರೆ ಕೊಳೆಯಿಸುವ ಜೀವಾಣುಗಳು ಮಣ್ಣಿನ ಸಾರಜನಕವನ್ನೇ ಸೆಳೆದುಕೊಂಡು ಗಿಡಗಳು ಹಳದಿಯಾಗುತ್ತವೆ. ಹಸಿರು ಸೊಪ್ಪು, ಸಗಣಿಗಳೊಡನೆ ಪದರಪದರವಾಗಿ ಒಟ್ಟಿದರೆ ಈ ದೋಷವಿಲ್ಲ. ಇಂದೂರು ವಿಧಾನದಲ್ಲಿ ರಾಶಿಯನ್ನು ಆಗಾಗ್ಗೆ ಮಗುಚಿ ಗಾಳಿಯಾಡಿಸುವುದರಿಂದ ಒಳಗಿನ ಉಷ್ಣತೆ 60 ಡಿಗ್ರಿ ಸೆಲ್ಸಿಯಸ್‌ಗೂ ಮೇಲೇರಿ ರೋಗಾಣುಗಳೂ ಕಳೆಬೀಜಗಳೂ ನಾಶವಾಗುತ್ತವೆ, ಗೊಬ್ಬರ ಮೂರು ನಾಲ್ಕು ತಿಂಗಳಲ್ಲಿ ಸಿದ್ಧವಾಗುತ್ತದೆ. ಬೆಂಗಳೂರು ವಿಧಾನದಲ್ಲಿ ಗುಂಡಿಯನ್ನು ತುಂಬಿ ಮೇಲೆ ಕೆಸರು ಮೆತ್ತಿ ಮುಚ್ಚುತ್ತಾರೆ; ಮಗುಚುವ ಶ್ರಮವಿಲ್ಲ, ಸಾರಜನಕದ ನಷ್ಟ ಕಡಿಮೆ, ಆದರೆ ಆರು ಎಂಟು ತಿಂಗಳ ತಾಳ್ಮೆ ಬೇಕು. ಎರೆಹುಳು ಗೊಬ್ಬರವು ಅರೆಕೊಳೆತ ಕಸವನ್ನು ಎರೆಹುಳುಗಳಿಗೆ ಉಣಿಸಿ ಪಡೆಯುವಂಥದು. ಹುಡಿಹುಡಿಯಾಗಿ ವಾಸನೆಯಿಲ್ಲದಿರುವುದರಿಂದ ಕುಂಡಗಳಿಗೆ ಅದು ಬಹು ಯೋಗ್ಯ.

ವಾಣಿಜ್ಯ ಗೊಬ್ಬರಗಳು: ಶೇ. 46ರಷ್ಟು ಸಾರಜನಕವುಳ್ಳ ಯೂರಿಯ, ಶೇ. 20ಕ್ಕೆ ತುಸು ಮಿಕ್ಕಿ ಸಾರಜನಕವನ್ನೂ ಜೊತೆಗೆ ಗಂಧಕವನ್ನೂ ಕೊಡುವ ಅಮೋನಿಯಂ ಸಲ್ಫೇಟ್, ಶೇ. 16ರಷ್ಟು ರಂಜಕಾಮ್ಲದೊಡನೆ ಸುಣ್ಣ ಮತ್ತು ಗಂಧಕಗಳನ್ನೂ ಒದಗಿಸುವ ಸಿಂಗಲ್ ಸೂಪರ್‌ಫಾಸ್ಫೇಟ್, ಶೇ. 60ರಷ್ಟು ಪೊಟ್ಯಾಷುಳ್ಳ ಮ್ಯೂರಿಯೇಟ್ ಆಫ್ ಪೊಟ್ಯಾಷ್, ಇವು ಸರಳ ಗೊಬ್ಬರಗಳು. ಶೇ. 18 ಸಾರಜನಕ ಮತ್ತು ಶೇ. 46 ರಂಜಕಾಮ್ಲವುಳ್ಳ ಡಿ.ಎ.ಪಿ., ಮೂರು ಪೋಷಕಗಳೂ ಸಮನಾಗಿರುವ 17:17:17, ನೀರಿನಲ್ಲಿ ಪೂರ್ಣವಾಗಿ ಕರಗುವ 19:19:19 ಮೊದಲಾದವು ಸಂಕೀರ್ಣ ಅಥವಾ ಮಿಶ್ರ ಗೊಬ್ಬರಗಳು. ಚೀಲದ ಮೇಲಿನ ಮೂರು ಅಂಕಿಗಳು ಕ್ರಮವಾಗಿ ಸಾರಜನಕ, ರಂಜಕಾಮ್ಲ, ಪೊಟ್ಯಾಷ್‌ಗಳ ಶೇಕಡಾವಾರು ತೂಕವನ್ನು ಸೂಚಿಸುತ್ತವೆ. ಆದ್ದರಿಂದ 50 ಕಿಲೋಗ್ರಾಂ 17:17:17ರಲ್ಲಿ ಒಂದೊಂದೂ 8.5 ಕಿಲೋಗ್ರಾಂ ಇರುತ್ತದೆ. ಭಾರತದಲ್ಲಿ 1957ರ ಆಜ್ಞೆಯೂ ಅದರ ಸ್ಥಾನದಲ್ಲಿ ಬಂದ 1985ರ ರಸಗೊಬ್ಬರ ನಿಯಂತ್ರಣ ಆಜ್ಞೆಯೂ ಈ ಸತ್ತ್ವಪ್ರಮಾಣಗಳಿಗೆ ಕಾನೂನಿನ ಬಲ ಕೊಟ್ಟಿವೆ.

ಮಣ್ಣಿಗೆ ಬಿದ್ದ ಯೂರಿಯ ಮೊದಲು ಅಮೋನಿಯಂ ಆಗಿ, ಅನಂತರ ಜೀವಾಣುಗಳಿಂದ ನೈಟ್ರೇಟ್ ಆಗಿ ಪರಿವರ್ತಿತವಾಗುತ್ತದೆ. ಮೇಲ್ಮೈಯಲ್ಲಿಯೇ ಬಿಟ್ಟರೆ ಅದರ ಒಂದಂಶ ಅಮೋನಿಯವಾಗಿ ಗಾಳಿಗೆ ಸೇರುತ್ತದೆ. ಅತಿಯಾಗಿ ನೀರು ಹಾಯಿಸಿದರೆ ನೈಟ್ರೇಟು ಬೇರಿನ ವಲಯವನ್ನು ದಾಟಿ ಅಂತರ್ಜಲಕ್ಕೆ ಇಳಿಯುತ್ತದೆ. ಬೇವಿನೆಣ್ಣೆಯ ಲೇಪ ಯೂರಿಯ ನೈಟ್ರೇಟ್ ಆಗುವ ಪರಿವರ್ತನೆಯನ್ನು ತಡಮಾಡಿಸುತ್ತದೆ. ರಂಜಕವಾದರೋ ಹಾಕಿದ ಎಡೆಯಿಂದ ಹೆಚ್ಚು ಚಲಿಸದ ಕಾರಣ ಅದನ್ನು ಬೇರಿನ ಸಮೀಪದಲ್ಲಿಯೇ, ನೆಡುವಾಗಲೇ ಕೊಡುವುದು ಯುಕ್ತ.

ಪ್ರಮಾಣದ ಲೆಕ್ಕ: ಒಂದು ಪಾತಿಗೆ 10 ಗ್ರಾಂ ಸಾರಜನಕ ಬೇಕಾಗಿದೆಯೆಂದು ಭಾವಿಸೋಣ. ಅದು 22 ಗ್ರಾಂ ಯೂರಿಯದಿಂದ ದೊರೆಯುತ್ತದೆ. ಅಷ್ಟನ್ನೇ ಬೇವಿನ ಹಿಂಡಿಯಿಂದ ಪಡೆಯಲು 200 ಗ್ರಾಂ, ಕೊಟ್ಟಿಗೆ ಗೊಬ್ಬರದಿಂದ ಪಡೆಯಲು 2 ಕಿಲೋಗ್ರಾಂ ಬೇಕು. ಯೂರಿಯ ಕೆಲವೇ ದಿನಗಳಲ್ಲಿ, ಹಿಂಡಿ ವಾರಗಳಲ್ಲಿ, ಕೊಟ್ಟಿಗೆ ಗೊಬ್ಬರ ತಿಂಗಳುಗಳಲ್ಲಿ ತಮ್ಮ ಸಾರಜನಕವನ್ನು ಬಿಟ್ಟುಕೊಡುತ್ತವೆ; ಆದರೆ ಕೊಟ್ಟಿಗೆ ಗೊಬ್ಬರ ಮಾತ್ರವೇ ಗಣನೀಯ ಪ್ರಮಾಣದಲ್ಲಿ ಮಣ್ಣಿಗೆ ಹ್ಯೂಮಸ್ಸನ್ನು ಸೇರಿಸುತ್ತದೆ. ಒಂದು ಹಿಡಿ ಯೂರಿಯ ಎಷ್ಟು ಬಲಿಷ್ಠವೆಂಬುದನ್ನೂ, ಒಂದು ಬುಟ್ಟಿ ಗೊಬ್ಬರ ಎಷ್ಟು ಸೌಮ್ಯವೆಂಬುದನ್ನೂ ಈ ಲೆಕ್ಕ ತಿಳಿಸುತ್ತದೆ.

ಕಾಲ ಮತ್ತು ವಿಧಾನ: ನೆಡುವ ಮುನ್ನ ಮಣ್ಣಿಗೆ ಬೆರಸುವುದು ತಳಗೊಬ್ಬರ, ಬೆಳೆಯುತ್ತಿರುವಾಗ ಕಂತುಗಳಲ್ಲಿ ಕೊಡುವುದು ಮೇಲುಗೊಬ್ಬರ. ಸಾವಯವ ಗೊಬ್ಬರ, ರಂಜಕಗಳು ತಳಗೊಬ್ಬರಕ್ಕೂ ಸಾರಜನಕ, ಪೊಟ್ಯಾಷ್‌ಗಳು ಕಂತಿಗೂ ತಕ್ಕವು. ಗೊಬ್ಬರವನ್ನು ಕಾಂಡಕ್ಕೆ ತಗಲಿಸದೆ, ಹೀರುವ ಎಳೆಬೇರುಗಳು ಹರಡಿರುವ ಸುತ್ತಳತೆಯಲ್ಲಿ ಹಾಕಿ ಮಣ್ಣು ಮುಚ್ಚಿ ನೀರು ಕೊಡಬೇಕು. ಒಣಗಿದ ಮಣ್ಣಿಗೆ ಲವಣಗೊಬ್ಬರವನ್ನು ಎಂದಿಗೂ ಹಾಕಲಾಗದು.

ಬೆಳೆದ ತೆಂಗಿನ ಮರವೊಂದಕ್ಕೆ ವರ್ಷಕ್ಕೆ 50 ಕಿಲೋಗ್ರಾಂ ಸಾವಯವ ಗೊಬ್ಬರದೊಡನೆ 500 ಗ್ರಾಂ ಸಾರಜನಕ, 320 ಗ್ರಾಂ ರಂಜಕಾಮ್ಲ, 1200 ಗ್ರಾಂ ಪೊಟ್ಯಾಷನ್ನೂ, ಫಲಬಿಡುವ ಅಡಕೆ ಮರವೊಂದಕ್ಕೆ 12 ಕಿಲೋಗ್ರಾಂ ಹಸಿರೆಲೆ ಮತ್ತು ಅಷ್ಟೇ ಕಾಂಪೋಸ್ಟಿನೊಡನೆ ಇದೇ ಕ್ರಮದಲ್ಲಿ 100, 40, 140 ಗ್ರಾಂಗಳನ್ನೂ ಕೊಡಬೇಕೆಂದು ತಜ್ಞರ ಶಿಫಾರಸು. ಎರಡರಲ್ಲಿಯೂ ಪೊಟ್ಯಾಷ್ ಸಾರಜನಕವನ್ನು ಮೀರಿರುವುದನ್ನು ಗಮನಿಸಬೇಕು. ಬೆಂಗಳೂರು ಮೈಸೂರುಗಳ ಸೀಮೆಯಲ್ಲಿ ಗುಲಾಬಿಯನ್ನು ಮಳೆಗಾಲ ಕಳೆದ ಮೇಲೆ ಸವರಿದಾಗ ಬುಡ ಬಿಡಿಸಿ ಕಳಿತ ಗೊಬ್ಬರವನ್ನೂ ಮೂಳೆಪುಡಿಯನ್ನೂ ತುಂಬುವುದು ವಾಡಿಕೆ. ಸೊಪ್ಪುತರಕಾರಿಗಳು ಸಾರಜನಕವನ್ನೂ, ಬದನೆ, ಟೊಮೇಟೊ, ಮೆಣಸಿನಕಾಯಿಗಳು ಹೂಬಿಟ್ಟ ಮೇಲೆ ಪೊಟ್ಯಾಷನ್ನೂ ವಿಶೇಷವಾಗಿ ಅಪೇಕ್ಷಿಸುತ್ತವೆ. ಕುಂಡದ ಗಿಡಗಳ ಬೇರಿಗೆ ಅವಕಾಶ ಅಲ್ಪ, ನೀರು ಹಾಕಿದಾಗಲೆಲ್ಲ ಸತ್ತ್ವ ಬಸಿದುಹೋಗುತ್ತದೆ. ಆದಕಾರಣ ಎರಡು ಪಾಲು ಕೆಂಪುಮಣ್ಣು, ಒಂದು ಪಾಲು ಕಳಿತ ಗೊಬ್ಬರ, ಒಂದು ಪಾಲು ಮರಳು ಬೆರಸಿದ ಮಿಶ್ರಣದಲ್ಲಿ ನೆಟ್ಟು, ಅನಂತರ ತಿಳಿಯಾದ ದ್ರವಗೊಬ್ಬರವನ್ನು ಅಲ್ಪಾಲ್ಪವಾಗಿ ಹದಿನೈದು ದಿನಗಳಿಗೊಮ್ಮೆ ಕೊಡುವುದು ಲೇಸು.

ಕೊರತೆಯ ಲಕ್ಷಣಗಳು: ಸಾರಜನಕ, ರಂಜಕ, ಪೊಟ್ಯಾಸಿಯಂ, ಮೆಗ್ನೀಸಿಯಂಗಳು ಸಸ್ಯದೊಳಗೆ ಸಂಚರಿಸುವುದರಿಂದ ಅವುಗಳ ಕೊರತೆ ಮೊದಲು ಹಳೆಯ ಎಲೆಗಳಲ್ಲಿಯೂ, ಕ್ಯಾಲ್ಸಿಯಂ, ಕಬ್ಬಿಣ, ಬೋರಾನ್‌ಗಳು ಸಂಚರಿಸಲಾರದ್ದರಿಂದ ಅವುಗಳ ಕೊರತೆ ಚಿಗುರಿನಲ್ಲಿಯೂ ಕಾಣಿಸುತ್ತದೆ. ಕೆಳಗಿನ ಎಲೆ ಪೂರ್ತಿ ಹಳದಿಯಾದರೆ ಸಾರಜನಕ, ಎಲೆ ಕೆನ್ನೀಲಿ ಛಾಯೆ ತಳೆದರೆ ರಂಜಕ, ಅಂಚು ಸುಟ್ಟಂತಾದರೆ ಪೊಟ್ಯಾಷ್, ಹಳೆಯ ಎಲೆಯ ನರಗಳು ಹಸಿರಾಗಿದ್ದು ನಡುವೆ ಹಳದಿಯಾದರೆ ಮೆಗ್ನೀಸಿಯಂ, ಇದೇ ಚಿಹ್ನೆ ಚಿಗುರಿನಲ್ಲಿ ತೋರಿದರೆ ಕಬ್ಬಿಣ ಸಾಲದೆಂದು ಊಹಿಸಬಹುದು. ಟೊಮೇಟೊ ಕಾಯಿಯ ತುದಿ ಕಪ್ಪಾಗಿ ಕೊಳೆಯುವುದು ಕ್ಯಾಲ್ಸಿಯಂ ಕಾಯಿಗೆ ತಲಪದುದರ ಫಲ; ಇದಕ್ಕೆ ನೀರಿನ ಏರುಪೇರೇ ಹಲವು ವೇಳೆ ಕಾರಣ. ನೀರು ನಿಂತು ಬೇರು ಕೊಳೆತಾಗಲೂ ಎಲೆ ಹಳದಿಯಾಗುವುದರಿಂದ, ಲಕ್ಷಣ ಕಂಡೊಡನೆ ಗೊಬ್ಬರಕ್ಕೆ ಕೈಹಾಕದೆ ಬೇರಿನ ಸ್ಥಿತಿಯನ್ನು ಮೊದಲು ನೋಡಬೇಕು.

ಅತಿಯ ದೋಷಗಳು: ಲವಣಗೊಬ್ಬರ ಮಿತಿಮೀರಿದಾಗ ಮಣ್ಣಿನ ದ್ರವದ ಸಾಂದ್ರತೆ ಹೆಚ್ಚಿ, ಬೇರು ನೀರನ್ನು ಹೀರಲಾರದೆ ಗಿಡ ಬಾಡುತ್ತದೆ. ಸಾರಜನಕ ಅತಿಯಾದ ಗಿಡ ಎಲೆಗಳಿಂದ ಕೊಬ್ಬಿ, ಹೂಬಿಡುವುದನ್ನು ತಡಮಾಡಿ, ಮೆತ್ತನೆಯ ಚಿಗುರಿಗೆ ಸಸ್ಯಹೇನುಗಳನ್ನು ಬರಮಾಡಿಕೊಳ್ಳುತ್ತದೆ. ಅಮೋನಿಯಂ ಗೊಬ್ಬರವನ್ನೇ ವರ್ಷಾನುಗಟ್ಟಲೆ ಸುಣ್ಣವಿಲ್ಲದೆ ಹಾಕಿದರೆ ಮಣ್ಣು ಆಮ್ಲೀಯವಾಗುತ್ತದೆಂಬುದು ರಾಥಮ್‌ಸ್ಟೆಡ್‌ನಲ್ಲಿ 1856ರಿಂದ ನಡೆದಿರುವ ಹುಲ್ಲುಗಾವಲಿನ ಪ್ರಯೋಗದಿಂದ ಸಿದ್ಧವಾಗಿದೆ. ಅಂಥ ಪಾತಿಗಳಲ್ಲಿ ಸಸ್ಯಜಾತಿಗಳ ವೈವಿಧ್ಯವೇ ಕುಗ್ಗಿಹೋಯಿತು. ಸಾವಯವವೆಂದಮಾತ್ರಕ್ಕೆ ನಿರ್ದೋಷವೆಂದೂ ತಿಳಿಯಲಾಗದು: ಕೋಳಿ ಗೊಬ್ಬರವನ್ನು ಸತತವಾಗಿ ಹಾಕಿದ ಮಡಿಗಳಲ್ಲಿ ರಂಜಕ ಅಗತ್ಯವನ್ನು ಮೀರಿ ಶೇಖರವಾಗುತ್ತದೆ, ಮಳೆಯೊಡನೆ ಕೆರೆಕುಂಟೆಗಳಿಗೆ ಹರಿದು ಪಾಚಿಯನ್ನು ಬೆಳೆಸುತ್ತದೆ.

ಸಮನ್ವಯ: ಗೊಬ್ಬರಗಳ ವಿಷಯದಲ್ಲಿ ಪಕ್ಷ ಕಟ್ಟುವುದು ಸಸ್ಯಶಾಸ್ತ್ರಕ್ಕೆ ಒಪ್ಪುವ ಮಾರ್ಗವಲ್ಲ. ಹ್ಯೂಮಸ್ಸಿಲ್ಲದ ಮಣ್ಣಿಗೆ ಸುರಿದ ರಸಗೊಬ್ಬರ ಅರ್ಧಕ್ಕರ್ಧ ವ್ಯರ್ಥ. ಹಾಗೆಯೇ, ಸತುವೋ ಪೊಟ್ಯಾಷೋ ನಿಜವಾಗಿ ಕೊರೆಯಾಗಿರುವ ಮಣ್ಣನ್ನು, ಅದೇ ಮಣ್ಣಿನಲ್ಲಿ ಬೆಳೆದ ಸೊಪ್ಪಿನ ಗೊಬ್ಬರವೊಂದರಿಂದಲೇ ತಿದ್ದುವುದು ಸಾಧ್ಯವಿಲ್ಲ, ಏಕೆಂದರೆ ಮಣ್ಣಿನಲ್ಲಿಲ್ಲದ್ದು ಸೊಪ್ಪಿನಲ್ಲಿಯೂ ಇರದು. ಆದ್ದರಿಂದ ತೋಟಗಾರನು ಅನುಸರಿಸಬೇಕಾದ ಕ್ರಮ ಹೀಗಿದೆ: ತೋಟದ ಕಸವೆಲ್ಲವನ್ನೂ ಕಾಂಪೋಸ್ಟಾಗಿಸಿ ತೋಟಕ್ಕೇ ಹಿಂದಿರುಗಿಸುವುದು, ಪ್ರತಿವರ್ಷವೂ ಸಾವಯವ ಗೊಬ್ಬರವನ್ನು ತಪ್ಪದೆ ಕೊಟ್ಟು ಬುಡಕ್ಕೆ ತರಗಿನ ಹೊದಿಕೆ ಹಾಸುವುದು, ಎರಡು ಮೂರು ವರ್ಷಗಳಿಗೊಮ್ಮೆ ಮಣ್ಣು ಪರೀಕ್ಷೆ ಮಾಡಿಸಿ ರಸಸಾರವನ್ನು ಸುಣ್ಣದಿಂದಲೋ ಜಿಪ್ಸಂ, ಗಂಧಕಗಳಿಂದಲೋ ಸರಿಪಡಿಸುವುದು, ಇಷ್ಟಾದ ಮೇಲೂ ಉಳಿಯುವ ಕೊರತೆಯನ್ನು ಮಾತ್ರ ವಾಣಿಜ್ಯ ಗೊಬ್ಬರದಿಂದ ತೂಗಿ, ಕಂತುಗಳಲ್ಲಿ ತುಂಬುವುದು. ಕೊಟ್ಟ ಗೊಬ್ಬರದ ಹೆಸರು, ತೂಕ, ದಿನ ಮತ್ತು ಗಿಡ ತೋರಿದ ಪರಿಣಾಮವನ್ನು ಬರೆದಿಟ್ಟುಕೊಳ್ಳುವ ತೋಟಗಾರನಿಗೆ ನಾಲ್ಕಾರು ವರ್ಷಗಳಲ್ಲಿ ತನ್ನ ಮಣ್ಣಿಗೆ ಒಪ್ಪುವ ಪ್ರಮಾಣ ಯಾವುದೆಂಬ ನಿಶ್ಚಯ ಉಂಟಾಗುತ್ತದೆ. ಆಗ ಅವನು ಕೊಳ್ಳುವ ಚೀಲಗಳ ಸಂಖ್ಯೆ ಕಡಿಮೆಯಾಗುತ್ತ, ಮಣ್ಣಿನ ಸ್ವಂತ ಶಕ್ತಿ ವೃದ್ಧಿಯಾಗುತ್ತ ಹೋಗುವುದು ಸಹಜ.